ಡಿ ಡ್ರೈವಿನಲ್ಲಿದ್ದ ಅವ್ವ

“ನಮ್ಮವ್ವನ ಫೋಟೋ ಎಲ್ಲಿ ಅದಾವ?”

ರೇಖಾ ಪರದೆಯತ್ತ ಬೆರಳು ತೋರಿಸಿ ಕೇಳಿದಳು. ಅವಳ ಕಂಪ್ಯೂಟರಿನ ಮುಂದೆ ಕೂತಿದ್ದ ಹುಲುಗೇಶ್ ತಿರುಗಿ ನೋಡಿದ.

“ಅದಾವ್ರಿ... ಒಂದ್ನಿಮಿಷ ಕೇಳ್ರಿ.”

“ಏನ್ ಕೇಳೋದೈತಿ? ಫೋಟೋ ಇಟ್ಟಿದ್ದ ಡಿ ಡ್ರೈವೇ ಇಲ್ಲ. ಎಲ್ಲಾ ಅಳಿಸಿಬಿಟ್ರಿ. ಏಳ್ರಿ ಮೊದಲು... ಇನ್ನ ಈ ಅಂಗಡಿಗೆ ಕಾಲಿಡಬ್ಯಾಡ್ರಿ.”

ಬಾಗಿಲಲ್ಲಿ ಗಿರಾಕಿಗಳು ನಿಂತು ನೋಡುತ್ತಿದ್ದರು. ಹುಲುಗೇಶನ ಮುಖ ಬಾಡಿತು. ಸ್ಕ್ರೂಡ್ರೈವರನ್ನು ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದ.

ಅದು 2009ರ ಬೇಸಿಗೆ. ಕೊಟ್ಟೂರಿನ ಬಸ್ ನಿಲ್ದಾಣದ ಹತ್ತಿರ ರೇಖಾಳದ್ದೊಂದು ಪುಟ್ಟ ಫೋಟೋ ಸ್ಟುಡಿಯೋ. ತಾಯಿ ದ್ಯಾಮಕ್ಕ ತೀರಿಕೊಂಡ ಮೇಲೆ ಅದರ ಹಿಂದಿನ ಕೋಣೆಯಲ್ಲಿ ಅವಳೊಬ್ಬಳೇ. ದಿನವಿಡೀ ಯಾರ್ಯಾರದೋ ಮದುವೆಯ ಆಲ್ಬಮ್ ಜೋಡಿಸುತ್ತಿದ್ದಳು. ಶಟರ್ ಎಳೆದ ಮೇಲೆ ‘ಬಂದ್ಯಾ’ ಎನ್ನಲು ಒಂದು ಜೀವ ಇರಲಿಲ್ಲ.

ಅವಳ ಕಂಪ್ಯೂಟರ್ ತೆರೆದುಕೊಳ್ಳಲು ತುಂಬ ಹೊತ್ತು ಹಿಡಿಯುತ್ತಿತ್ತು. ಹಗರಿಬೊಮ್ಮನಹಳ್ಳಿಯಲ್ಲಿ ರಿಪೇರಿ ಅಂಗಡಿ ಇಟ್ಟಿದ್ದ ಹುಲುಗೇಶ್ ಆಗಾಗ ಬಂದು ನೋಡುತ್ತಿದ್ದ. ಕೆಲಸ ಮುಗಿದರೂ ಚಹಾ ಕುಡಿಯುತ್ತ ಕೂರುತ್ತಿದ್ದ. ಅವತ್ತೊಂದು ದಿನ ಅವಳಿಗೆ ಮಾತಾಡಲು ಒಬ್ಬರು ಇರುತ್ತಿದ್ದರು... ಅಷ್ಟೇ ಸಾಕಿತ್ತು.

ಈ ಸಲ ಅವನು ಹಳೆಯ ಡಿಸ್ಕಿನ ಜೊತೆಗೆ ಹಾಕಲು ಹುಬ್ಬಳ್ಳಿಯಿಂದ ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಡಿಸ್ಕು ತಂದಿದ್ದ.

“ಇದರಾಗ ತಿರುಗೋದು ಏನೂ ಇಲ್ರಿ. ವಿಂಡೋಸ್ ಇದಕ್ಕ ದಾಟಿಸಿದ್ರ ಕಣ್ಣು ಮುಚ್ಚಿ ತೆಗಿಯೋದ್ರಾಗ ತೆರಕೊಂತೈತಿ,” ಎಂದಿದ್ದ.

ಹಾಗೇ ತೆರೆದುಕೊಂಡಿತು ಕೂಡ. ಆದರೆ ಅದರಲ್ಲಿ ಅವ್ವ ಇರಲಿಲ್ಲ.

ಆಮೇಲೆ ಹುಲುಗೇಶ್ ಫೋನ್ ಮಾಡಿದ. ಅವಳು ಎತ್ತಲಿಲ್ಲ. ಕ್ರಮೇಣ ಫೋನೂ ನಿಂತಿತು. ಹಳೆಯ ಡಿಸ್ಕಿನ ಗುರ್ ಎನ್ನುವ ಸದ್ದೂ ಇಲ್ಲದೆ ಅಂಗಡಿ ಇನ್ನಷ್ಟು ಖಾಲಿಯಾಯಿತು.

‘ನಾನು ಅಳೋದು ಅವ್ವನ ಸಲುವಾಗಿಯೋ... ಇವನ ಸಲುವಾಗಿಯೋ?’

ಒಂದು ಮಧ್ಯಾಹ್ನ, ಹಳೆಯ ಡಿಸ್ಕನ್ನು ಬೇರೆಯವರಿಗೆ ತೋರಿಸೋಣವೆಂದು ಸಿಪಿಯು ಮುಚ್ಚಳ ಬಿಚ್ಚಿದಳು. ಡಿಸ್ಕು ಇದ್ದಲ್ಲೇ ಇತ್ತು. ಅದರ ತಂತಿಗಳು ಮಾತ್ರ ಬಿಚ್ಚಿಕೊಂಡು ನೇತಾಡುತ್ತಿದ್ದವು. ತಡಕಾಡಿ ಸಿಕ್ಕಿಸಿದಳು. ಕಂಪ್ಯೂಟರ್ ಹಚ್ಚಿದಳು.

ಡಿ ಡ್ರೈವ್ ಬಂತು. ಬಣವೆಯ ಮುಂದೆ ನಿಂತು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡ ಅವ್ವ... ಒಂದು ಫೋಟೋವೂ ಹೋಗಿರಲಿಲ್ಲ.

ರೇಖಾ ಅತ್ತಳು. ಮುಖ ತೊಳೆದು, ಶಟರ್ ಎಳೆದು ಹಗರಿಬೊಮ್ಮನಹಳ್ಳಿಯ ಬಸ್ಸು ಹತ್ತಿದಳು.

ಹುಲುಗೇಶ್ ಅಂಗಡಿಯಲ್ಲಿ ಒಬ್ಬನೇ ಇದ್ದ. ಅವಳನ್ನು ಕಂಡು ಎದ್ದು ನಿಂತ.

“ಫೋಟೋ ಸಿಕ್ಕುವು,” ಎಂದಳು.

“ಕಂಪ್ಯೂಟರ್ ಹೊಸ ಡಿಸ್ಕಿನಿಂದಾನ ಸುರು ಆಗತೈತೇನು ಅಂತ ನೋಡಾಕ ಹಳೇದ್ರ ತಂತಿ ಬಿಚ್ಚಿದ್ದೆ. ತಿರುಗಿ ಹಚ್ಚೋದ್ರೊಳಗ ನೀವು ನೋಡಿಬಿಟ್ರಿ...”

“ನಾನು ಮಂದಿ ಮುಂದ ಬೈದೆ. ತಪ್ಪಾತ್ರಿ.”

ಅವನು ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಮೇಜಿನ ಮೇಲಿಟ್ಟ.

“ಬೈದದ್ದು ಮರತೆ. ಬರಬ್ಯಾಡ್ರಿ ಅಂದ್ರಲ್ಲ... ಅದು ಮರಿಯಾಕ ಆಗಲಿಲ್ಲ. ಇನ್ನ ಯಾವ ನೆಪಕ್ಕ ನಿಮ್ಮನ್ನ ನೋಡ್ಲಿ ಅಂತ ಚಿಂತಿ ಆಗಿತ್ತು.”

ರೇಖಾಳ ಕಣ್ಣು ತುಂಬಿತು.

“ನೆಪ ಯಾಕ ಬೇಕ್ರಿ?”

“ನೆಪ ಇಲ್ದ ಬಂದ್ರ ಏನಂತ ಹೇಳ್ಲಿ?”

“ನಿನ್ನ ನೋಡಾಕ ಬಂದೀನಿ ಅಂತ ಹೇಳ್ರಿ. ಒಬ್ಬಾಕೀನ ಇದ್ದು ಇದ್ದು ಸಾಕಾಗೈತಿ ನನಗ.”

ಅವನು ತನ್ನ ಸ್ಟೂಲನ್ನು ಅವಳತ್ತ ಸರಿಸಿದ.

“ನಾನೂ ಒಬ್ಬನ ಅದೀನಿ, ರೇಖಾ... ಊಟ ಆಗೈತೇನು?”

ಅವಳು ಇಲ್ಲವೆಂದು ತಲೆಯಾಡಿಸಿದಳು.

“ಹಂಗಾರ ಕುಂದ್ರು. ಬುತ್ತಿ ಬಿಚ್ತೀನಿ... ಇಬ್ಬರಿಗೂ ಆಕೈತಿ.”