ಹಸಿರು ಚುಕ್ಕೆ ಕಂಡವನು

2025ರ ಅಕ್ಟೋಬರ್ 4, ಶನಿವಾರ. ಬೆಳಿಗ್ಗೆ ಒಂಬತ್ತೂ ಕಾಲಿಗೆ ಮಲೇಷ್ಯಾದ ಸುಬಾಂಗ್ ಜಯಾದ ಪೊಲೀಸ್ ಠಾಣೆಗೆ ಬಂದ ದೂರುದಾರ, ಅಲ್ಲಿನ ಪ್ಲಾಸ್ಟಿಕ್ ಕುರ್ಚಿಯನ್ನು ಎರಡು ಸಲ ಕರವಸ್ತ್ರದಿಂದ ಒರೆಸಿ ಕೂತ. ಹೆಸರು ಗುರುದತ್. ಮೂಲ ಮೈಸೂರು. ಸೈಬರ್‌ಜಯಾದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಡೈರೆಕ್ಟರ್. ಇದನ್ನೆಲ್ಲ ಯಾರೂ ಕೇಳುವ ಮೊದಲೇ ಅವನು ಹೇಳಿಯಾಗಿತ್ತು.

ಇನ್‌ಸ್ಪೆಕ್ಟರ್ ಜಯರಾಮ ಕನ್ನಡದಲ್ಲೇ ಮಾತಾಡಿಸಿದ. ಅವನ ಅಜ್ಜ ರಬ್ಬರ್ ಎಸ್ಟೇಟಿನ ಗುಮಾಸ್ತನಾಗಿ ಈ ದೇಶಕ್ಕೆ ಬಂದವನು. ಮನೆಯಲ್ಲಿ ಉಳಿದಿದ್ದ ಕನ್ನಡಕ್ಕೆ ಅಕ್ಕಪಕ್ಕದ ತಮಿಳು ಅಂಟಿಕೊಂಡಿತ್ತು.

"ನೀವು ಕನ್ನಡದವರಾ? ನೋಡಿದ್ರೆ ಗೊತ್ತಾಗಲ್ಲ," ಎಂದ ಗುರುದತ್. "ಮಾತಾಡಿದ್ರೆ ಇನ್ನೂ ಗೊತ್ತಾಗಲ್ಲ."

ಜಯರಾಮ ಪೆನ್ನು ತೆಗೆದ. "ಏನಾಯ್ತು ಹೇಳಿ."

ಶುಕ್ರವಾರ ಸಂಜೆ ಕತ್ತಲಾಗುವ ಹೊತ್ತು. ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಪಾರ್ಕಿಂಗ್‌ನಲ್ಲಿ ಗುರುದತ್ ಕಾರಿನಿಂದ ಇಳಿದಾಗ, ಕಂಬದ ಹಿಂದಿನಿಂದ ಬಂದವನೊಬ್ಬ ಪಿಸ್ತೂಲು ತೋರಿಸಿ ಕೈಗಡಿಯಾರ ಬಿಚ್ಚಲು ಹೇಳಿದ. ಅಷ್ಟರಲ್ಲಿ ಇನ್ನೊಂದು ಕಾರು ಬಂತು, ಅವನು ಓಡಿದ. ಅವನು ಯಾರೆಂದು ಗೊತ್ತು. ಆ ಅಪಾರ್ಟ್‌ಮೆಂಟಿನ ಕನ್ನಡದ ಮನೆಗಳಿಗೆ ಮೆಸ್ಸಿನಿಂದ ತಿಂಡಿ, ಊಟ ತಂದುಕೊಡುವ ಐತಪ್ಪ.

"ನಿನ್ನೆಯೇ ಯಾಕೆ ಬರಲಿಲ್ಲ?"

"ಶಾಕ್‌ನಲ್ಲಿದ್ದೆ."

"ಪಿಸ್ತೂಲು ಹೇಗಿತ್ತು?"

ಗುರುದತ್‌ನ ಮುಖ ಅರಳಿತು. ಹೆದರಿದವನ ಮುಖ ಹಾಗೆ ಅರಳುವುದಿಲ್ಲ ಎಂದು ಜಯರಾಮನಿಗೆ ಅನ್ನಿಸಿದ್ದು ಆಮೇಲೆ.

"ಕಾಂಪ್ಯಾಕ್ಟ್. ಕಪ್ಪು. ನಳಿಗೆ ಕೆಳಗೆ ವೆಪನ್ ಲೈಟು. ಮೇಲೆ ಆಪ್ಟಿಕ್, ಅಂದ್ರೆ ಪುಟ್ಟ ಕಿಟಕಿ ಥರ ಒಂದು ಗ್ಲಾಸು. ಗುರಿ ಇಡೋಕೆ ಅದರಲ್ಲಿ ಗ್ರೀನ್ ಡಾಟ್. ಬರ್ಕೊಳಿ, ರೆಡ್ ಅಲ್ಲ, ಗ್ರೀನ್. ಗ್ರೀನ್ ಕಣ್ಣಿಗೆ ಬೇಗ ಸಿಗತ್ತೆ."

"ಚುಕ್ಕೆ ನಿಮಗೆ ಕಾಣಿಸಿತಾ?"

"ಗ್ಲಾಸಿನ ಸರಿ ಮಧ್ಯ. ಸೂಜಿಮೊನೆ ಥರ. ಲೈಟನ್ನ ಸೀದಾ ನನ್ನ ಮುಖಕ್ಕೆ ಬಿಟ್ಟಿದ್ದ. ಆ ಬೆಳಕಲ್ಲೇ ಅವನ ಮುಖ ಕ್ಲಿಯರ್ ಆಗಿ ನೋಡಿದೆ."

"ಖಚಿತವಾ?"

"ಇನ್‌ಸ್ಪೆಕ್ಟ್ರೇ, ಅಬ್ಸರ್ವೇಶನ್ ನನ್ನ ಕೆಲಸ. ನಿಮ್ಮ ಕೆಲಸ ಬರೆಯೋದು."

ಜಯರಾಮ ಬರೆದ. FIR ದಾಖಲಾಯಿತು.

ಮಧ್ಯಾಹ್ನ ಊಟದ ಹೊತ್ತಿಗೆ ಐತಪ್ಪ ಮೋಟಾರ್ ಬೈಕಿನಲ್ಲಿ ಅಪಾರ್ಟ್‌ಮೆಂಟಿನ ಗೇಟಿಗೆ ಬಂದ. ಪುತ್ತೂರು ಕಡೆಯವನು, ಮೂವತ್ತೈದರ ಆಸುಪಾಸು, ಮುಂದಿನ ಹಲ್ಲು ಸ್ವಲ್ಪ ಉಬ್ಬು. ಅಲ್ಲಿ ಕಾದಿದ್ದ ಕಾರ್ಪೊರಲ್ ರೊಸ್ಲಿ ಬೈಕಿನ ಹಿಂದಿನ ಪೆಟ್ಟಿಗೆಯಿಂದ ಟಿಫಿನ್ ಕ್ಯಾರಿಯರುಗಳನ್ನು ಒಂದೊಂದಾಗಿ ಕೆಳಗಿಳಿಸಿದ. ತಳದಲ್ಲಿ ಹಾಸಿದ್ದ ಥರ್ಮೋಕೋಲ್ ಹಾಳೆ ಎತ್ತಿದರೆ ಪಿಸ್ತೂಲು. ಕೆಳಗೆ ಲೈಟು, ಮೇಲೆ ಗ್ಲಾಸು. ಗುರುದತ್ ಹೇಳಿದ್ದಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಐತಪ್ಪ ಬಗ್ಗಿ ನೋಡಿ ಫಕ್ಕನೆ ನಕ್ಕುಬಿಟ್ಟ. "ಅಯ್ಯೋ ಮಾರಾಯ್ರೆ! ಇದು ಇಲ್ಲಿ ಎಂತ ಮಾಡ್ತಾ ಉಂಟು?"

"ನಗ್ತೀಯಾ?" ಎಂದು ರೊಸ್ಲಿ ಮಲಯ ಭಾಷೆಯಲ್ಲಿ ಗದರಿ ಅವನ ಕೈಗೆ ಬೇಡಿ ಹಾಕಿದ. ಇಬ್ಬರು ನಿವಾಸಿಗಳ ಸಮಕ್ಷಮ ಪಂಚನಾಮೆ ಆಯಿತು.

ಠಾಣೆಯಲ್ಲಿ ಐತಪ್ಪ ಹೇಳಿದ್ದು ಇಷ್ಟೇ: "ಅದು ಗುರುದತ್ ಸಾರ್‌ದು. ನಿನ್ನೆ ನನಗೇ ಹಿಡಿದು ತೋರಿಸಿದ್ರು. ನಾನು ನಕ್ಕೆ. ನನ್ನ ಪೆಟ್ಟಿಗೆಗೆ ಹೇಗೆ ಬಂತೋ ಗೊತ್ತಿಲ್ಲ."

"ಎಲ್ಲರೂ ಹಾಗೇ ಹೇಳೋದು," ಎಂದ ರೊಸ್ಲಿ.

ನೆಲಮಾಳಿಗೆಯ ಕ್ಯಾಮೆರಾ ಎರಡು ತಿಂಗಳಿಂದ ಕೆಟ್ಟು ಕೂತಿತ್ತು. ಅದನ್ನು ರಿಪೇರಿ ಮಾಡಿಸಬೇಕಾದ ನಿವಾಸಿಗಳ ಸಮಿತಿಗೆ ಗುರುದತ್ತೇ ಅಧ್ಯಕ್ಷ. ಐತಪ್ಪನ ಕೋಣೆಯ ಶೋಧದಲ್ಲಿ ಸಿಕ್ಕಿದ್ದು ಒಂದು ಚಾಪೆ, ನಾಲ್ಕು ಅಂಗಿ, ಒಂದು ಕೃಷ್ಣನ ಫೋಟೋ.

ಸಂಜೆಗೆ ಪ್ರಯೋಗಾಲಯದವರು ಫೋನು ಮಾಡಿ ನಕ್ಕರು. ಪಿಸ್ತೂಲು ನಕಲಿ. ಗ್ಯಾಸಿನ ಒತ್ತಡದಲ್ಲಿ ಪ್ಲಾಸ್ಟಿಕ್ ಗುಂಡು ಹಾರಿಸುವ ಆಟಿಕೆ. ಗುಬ್ಬಿಗೆ ಬಿದ್ದರೆ ಗುಬ್ಬಿ ಬೈದು ಹಾರಿಹೋದೀತು. ಅದರ ಮೇಲೆ ಕೂರಿಸಿದ ಆಪ್ಟಿಕ್ಕೂ ಕೆಳಗಿನ ಲೈಟೂ ಮಾತ್ರ ಅಸಲಿ. ಆಟಿಕೆಯಾದರೂ ಕಾನೂನಿಗೆ ನಗು ಬರುವುದಿಲ್ಲ. ನಕಲಿ ಬಂದೂಕು ಇಟ್ಟುಕೊಳ್ಳುವುದೇ ಇಲ್ಲಿ ಅಪರಾಧ. ಅದನ್ನು ತೋರಿಸಿ ದರೋಡೆಗೆ ಇಳಿದರೆ ವರ್ಷಗಟ್ಟಲೆ ಜೈಲು, ಬೆನ್ನ ಕೆಳಗೆ ಬೆತ್ತದೇಟು. ಭಾನುವಾರ ಮ್ಯಾಜಿಸ್ಟ್ರೇಟರು ಐತಪ್ಪನನ್ನು ಬುಧವಾರ ಬೆಳಗಿನವರೆಗೆ ಪೊಲೀಸ್ ವಶಕ್ಕೆ ಕೊಟ್ಟರು. ಆಮೇಲೆ ದೋಷಾರೋಪ.

"ಆರೋಪಿ ಸಿಕ್ಕಿದ್ದಾನೆ, ಪಿಸ್ತೂಲು ಸಿಕ್ಕಿದೆ, ಡೈರೆಕ್ಟರೊಬ್ಬ ಗುರುತು ಹಿಡಿದಿದ್ದಾನೆ," ಎಂದರು ಮೇಲಧಿಕಾರಿ. "ಇನ್ನೇನು ಬೇಕು ನಿನಗೆ?"

ಏನು ಬೇಕೆಂದು ಜಯರಾಮನಿಗೂ ಗೊತ್ತಿರಲಿಲ್ಲ. ಕಾನ್‌ಸ್ಟೇಬಲ್ ಆಗಿದ್ದಾಗ ಸಂಜೆ ಕಾಲೇಜಿನಲ್ಲಿ ಕಾನೂನು ಓದಿ ಮೇಲೆ ಬಂದವನು ಅವನು. ಓದಿದ್ದನ್ನು ಮತ್ತೆ ಓದದಿದ್ದರೆ ನಿದ್ದೆ ಬಾರದು. ಗುರುದತ್‌ನ ಹೇಳಿಕೆಯನ್ನು ಮೂರನೇ ಸಲ ಓದುವಾಗ ಅವನಿಗೆ ತನ್ನ ಮೇಲೇ ಅನುಮಾನ ಬಂತು. ಆ ಮನುಷ್ಯ ನನ್ನ ಕನ್ನಡವನ್ನು ಹಂಗಿಸಿದ ಸಿಟ್ಟಿಗೆ ಹೀಗೆ ತಪ್ಪು ಹುಡುಕುತ್ತಿದ್ದೇನೆಯೇ? ಹಾಗಿದ್ದರೆ ಅದು ಪೊಲೀಸ್ ಕೆಲಸವಲ್ಲ, ಸಣ್ಣತನ.

ಸಣ್ಣತನವೋ ಅಲ್ಲವೋ ಪರೀಕ್ಷೆ ಮಾಡಿದರೆ ಗೊತ್ತಾಗುತ್ತದೆ ಎಂದು ಸೋಮವಾರ ಪಿಸ್ತೂಲನ್ನು ಸಹಿ ಹಾಕಿ ಹೊರತೆಗೆಸಿದ. ಕಿಟಕಿಯಿಲ್ಲದ ದಾಸ್ತಾನು ಕೋಣೆಯಲ್ಲಿ, ಮ್ಯಾಗಜೀನ್ ತೆಗೆದು ಪಿಸ್ತೂಲನ್ನು ಕುರ್ಚಿಯ ಬೆನ್ನಿಗೆ ಕಟ್ಟಿದರು. ಜಯರಾಮ ಎದುರು ಗೋಡೆಗೆ ಒರಗಿ ನಿಂತ. ರೊಸ್ಲಿ ಕುರ್ಚಿಯ ಹಿಂದೆ ನಿಂತು ಲೈಟು ಹಾಕಿದ.

ಜಗತ್ತು ಬೆಳ್ಳಗಾಯಿತು. ಪಿಸ್ತೂಲಿಲ್ಲ, ಕುರ್ಚಿಯಿಲ್ಲ, ರೊಸ್ಲಿಯಿಲ್ಲ. ಕಣ್ಣಲ್ಲಿ ನೀರು ಬಂತು.

"ಎಷ್ಟು ಬೆರಳು ತೋರಿಸ್ತಿದೀನಿ ಹೇಳಿ, ಸಾರ್?"

"ನೀನು ಇದ್ದೀಯೋ ಇಲ್ಲವೋ ಅದೇ ಗೊತ್ತಾಗ್ತಿಲ್ಲ. ಆರಿಸು."

ಲೈಟು ಆರಿಸಿ, ಕೋಣೆಯ ದೀಪ ಹಾಕಿ, ಗ್ಲಾಸನ್ನು ದಿಟ್ಟಿಸಿದ. ಅದರಲ್ಲಿ ಟ್ಯೂಬ್‌ಲೈಟಿನ ಪ್ರತಿಬಿಂಬವಿತ್ತು, ಚುಕ್ಕೆ ಇರಲಿಲ್ಲ. ಕೂತು ನೋಡಿದ. ಎಡಕ್ಕೆ, ಬಲಕ್ಕೆ ಸರಿದು ನೋಡಿದ. ಒಂದು ಕೋನದಲ್ಲಿ ಮಾತ್ರ ಚೌಕಟ್ಟಿನ ಮೂಲೆಯಲ್ಲಿ ಹಸಿರಿನ ಮಂಕು ಮಿಣುಕು ಕಂಡಿತು, ಅದೂ ಹುಡುಕಿದವನಿಗೆ. ತನ್ನ ಕಣ್ಣನ್ನು ನಂಬದೆ ಇನ್ನಿಬ್ಬರನ್ನು ಕರೆಸಿ ನಿಲ್ಲಿಸಿದ. ಅವರಿಗೂ ಅಷ್ಟೇ. ಕೊನೆಗೆ ತಾನು ಕುರ್ಚಿಯ ಹಿಂದೆ ಬಂದು ಪಿಸ್ತೂಲಿನ ಮೇಲಿಂದ ಕಣ್ಣು ಹಾಯಿಸಿದ. ಗ್ಲಾಸಿನ ಸರಿ ಮಧ್ಯೆ ಸೂಜಿಮೊನೆಯಂತೆ ಹಸಿರು ಚುಕ್ಕೆ ಹೊಳೆಯುತ್ತಿತ್ತು.

"ಹಿಡಿದವನಿಗೆ ಮಾತ್ರ ಕಾಣೋದು," ಎಂದ ರೊಸ್ಲಿ. ಅವನ ದನಿಯಲ್ಲಿ ತಮಾಷೆ ಇರಲಿಲ್ಲ. "ಹಾಗಾದ್ರೆ ನಾವು ಒಳಗೆ ಹಾಕಿದವನು ಯಾರು?"

ಜಯರಾಮ ಲಾಕಪ್ಪಿಗೆ ಹೋದ. ಐತಪ್ಪನ ಹಲ್ಲು ಎರಡು ದಿನದಿಂದ ಯಾರಿಗೂ ಕಂಡಿರಲಿಲ್ಲ.

"ಶುಕ್ರವಾರ ಅವರು ಪಿಸ್ತೂಲು ತೋರಿಸಿದಾಗ ನಕ್ಕೆ ಅಂದೆ. ಯಾಕೆ ನಕ್ಕೆ?"

ಐತಪ್ಪ ತಲೆಯೆತ್ತಿದ. ಈ ಪ್ರಶ್ನೆಯನ್ನು ಇಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

"ಖಾಲಿ ಕ್ಯಾರಿಯರ್ ತಗೊಂಡು ಬೈಕಿನ ಹತ್ರ ಹೋಗ್ತಾ ಇದ್ದೆ. ಫಕ್ಕಂತ ಮುಖಕ್ಕೆ ಬೆಳಕು ಬಿತ್ತು. ಕಾರಿನ ಹೆಡ್‌ಲೈಟ್ ಅಂತ ಮಾಡಿ, 'ಡಿಮ್ ಮಾಡಿ ಸ್ವಾಮಿ' ಅಂದೆ. 'ಅಲ್ಲಾಡ್ಬೇಡ' ಅಂತ ಇಂಗ್ಲಿಷಲ್ಲಿ ಹೇಳಿದ್ರು. ಆಮೇಲೆ ಲೈಟು ಆರಿತು. ನೋಡ್ತೇನೆ, ಗುರುದತ್ ಸಾರ್! ಕಾಲು ಅಗಲ ಮಾಡಿ, ಎರಡು ಕೈಯಲ್ಲಿ ಹಿಡ್ಕೊಂಡು ನಿಂತಿದ್ದಾರೆ. ಆ ಬಂದೂಕಿಗೆ..." ಅವನು ತುಟಿ ಬಿಗಿಹಿಡಿದ. "ಬಂದೂಕಿಗೆ ಗಂಧ ಹಚ್ಚಿ, ಬೊಟ್ಟು ಇಟ್ಟಿದ್ರು ಸಾರ್. ನಮ್ಮ ಬೈಕಿಗೆ ಇಡ್ತೇವಲ್ಲ, ಹಾಗೆ. ಹೆದರುವುದು ಹೇಗೆ ಹೇಳಿ."

"ಅಷ್ಟೇನಾ?"

"ಮಾರನೇ ದಿನ ಬೆಳಿಗ್ಗೆ ಇಡ್ಲಿ ಕೊಡ್ಲಿಕ್ಕೆ ಹೋದಾಗ ಲಿಫ್ಟಿನಲ್ಲಿ ಸಿಕ್ಕಿದ್ರು. ಜೊತೆಗೆ ಬೇರೆ ಮನೆಯವರೂ ಇದ್ರು. 'ಬಂದೂಕಿಗೆ ಮಂಗಳಾರತಿ ಆಯ್ತಾ ಸಾರ್?' ಅಂತ ಕೇಳಿದೆ. ಎಲ್ಲ ನಗಾಡಿದ್ರು. ಅವರೊಬ್ರು ನಗ್ಲಿಲ್ಲ."

"ಆಗ ಬೈಕು ಎಲ್ಲಿತ್ತು?"

"ಕೆಳಗೆ. ಪೆಟ್ಟಿಗೆಗೆ ಬೀಗ ಯಾಕೆ ಸಾರ್, ಇಡ್ಲಿ ಯಾರು ಕದೀತಾರೆ?"

ಅಕ್ಟೋಬರ್ ಒಂದು ಆಯುಧಪೂಜೆ. ಜಯರಾಮನ ಮನೆಯಲ್ಲೂ ಹೆಂಡತಿ ಕಾರಿಗೆ, ಮಿಕ್ಸಿಗೆ ಕುಂಕುಮ ಹಚ್ಚಿದ್ದಳು. ಅವನು ಪಿಸ್ತೂಲಿನೊಂದಿಗೆ ಪ್ರಯೋಗಾಲಯಕ್ಕೆ ಹೋದ. ಹೊರಮೈಯನ್ನು ಯಾರೋ ಒದ್ದೆ ಬಟ್ಟೆಯಿಂದ ಚೆನ್ನಾಗಿ ಒರೆಸಿದ್ದರು. ಬೆರಳಚ್ಚು ಒಂದೂ ಇಲ್ಲ. ಆದರೆ ತಿರುಪು ಬಿಚ್ಚಿ ಆಪ್ಟಿಕ್ಕನ್ನು ಎತ್ತಿದಾಗ ಅದರ ಅಡಿಯ ಸಂದಿಯಲ್ಲಿ ಒಣಗಿದ ಗಂಧ, ಅದರಲ್ಲಿ ಕಲಸಿದ ಕೆಂಪು ಪುಡಿ. ರೊಸ್ಲಿ ಖುಷಿಯಿಂದ ಮೇಜು ಗುದ್ದಿದ. ಜಯರಾಮನಿಗೆ ಮಾತ್ರ ಸಮಾಧಾನವಾಗಲಿಲ್ಲ. ಮೆಸ್ಸಿನಲ್ಲೂ ಪೂಜೆ ಆಗಿರುತ್ತದೆ. ಕುಂಕುಮಕ್ಕೆ ಮನೆಯ ವಿಳಾಸ ಇರುವುದಿಲ್ಲ.

ಪಿಸ್ತೂಲನ್ನು ಮತ್ತೆ ಚೀಲಕ್ಕೆ ಹಾಕುವಾಗ ಲೈಟು ಅಂಚಿಗೆ ಸಿಕ್ಕಿಕೊಂಡಿತು. ಜಯರಾಮ ತನ್ನ ಸೊಂಟದ ಚರ್ಮದ ಒರೆಗೆ ಕೈಹಾಕಿ ನೋಡಿಕೊಂಡ. ಹೊಟ್ಟೆಯಡಿ ಇಂಥ ಲೈಟು ಕಟ್ಟಿಕೊಂಡ ಪಿಸ್ತೂಲು ಮಾಮೂಲಿ ಒರೆಯಲ್ಲಿ ಕೂರುವುದೇ ಇಲ್ಲ. ಅದಕ್ಕೆಂದೇ ಅಚ್ಚು ಹಾಕಿಸಿದ ಒರೆ ಬೇಕು. ಐತಪ್ಪನ ಕೋಣೆಯಲ್ಲಿ ಅಂಥದ್ದು ಇರಲಿಲ್ಲ. ಎಲ್ಲಿದೆ?

ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಶೋಧನಾ ವಾರಂಟಿನೊಂದಿಗೆ ಗುರುದತ್‌ನ ಮನೆಯ ಬಾಗಿಲು ತಟ್ಟಿದರು. ಅವನು ಕಿವಿಗೆ ಹೆಡ್‌ಸೆಟ್ ಹಾಕಿಕೊಂಡೇ ತೆರೆದ.

"ಮತ್ತೆ ಏನು? ಕಳ್ಳನ್ನ ಹಿಡಿದುಕೊಟ್ಟಿದೀನಿ, ಫೈಲೂ ನಾನೇ ಬರ್ಕೊಡ್ಬೇಕಾ?"

"ಒಂದು ಪ್ರಶ್ನೆ ಉಳಿದಿದೆ. ಗ್ಲಾಸಿನ ಮಧ್ಯೆ ಹಸಿರು ಚುಕ್ಕೆ ಕಂಡೆ ಅಂದ್ರಿ."

"ಹೌದು."

"ನೀವು ಎಲ್ಲಿ ನಿಂತಿದ್ರಿ?"

"ಎದುರಿಗೆ. ಇದೇನು ಪ್ರಶ್ನೆ?"

"ಎದುರಿಗೆ ನಿಂತವನಿಗೆ ಆ ಚುಕ್ಕೆ ಕಾಣಲ್ಲ."

"ಯಾರು ಹೇಳಿದ್ದು? ನಿಮಗೆ ಆಪ್ಟಿಕ್ಸ್ ಬಗ್ಗೆ ಏನು ಗೊತ್ತು?"

"ಏನೂ ಗೊತ್ತಿರಲಿಲ್ಲ. ಅದಕ್ಕೇ ನಿಂತು ನೋಡಿದೆ. ಲೈಟು ಮುಖಕ್ಕೆ ಬಿಟ್ಟರೆ ಹಿಡಿದವನ ಮುಖವೂ ಕಾಣಲ್ಲ."

ಗುರುದತ್ ಹೆಡ್‌ಸೆಟ್ ತೆಗೆದ. ಅಡುಗೆಮನೆಯ ಬಾಗಿಲಲ್ಲಿ ಅವನ ಹೆಂಡತಿ ಭವ್ಯಶ್ರೀ ನಿಂತಿದ್ದಳು.

"ಮನೆಯಲ್ಲಿ ಆಯುಧಪೂಜೆ ಮಾಡಿದ್ರಾ ಅಮ್ಮಾ?"

"ಮಾಡಿದ್ವಿ."

"ಏನೇನು ಇಟ್ಟಿದ್ರಿ?"

"ಕಾರಿನ ಕೀ, ಲ್ಯಾಪ್‌ಟಾಪು, ಈಳಿಗೆಮಣೆ..." ಅವಳು ನಿಲ್ಲಿಸಿದಳು.

"ಭವ್ಯಾ, ನಿಂಗೆ ಕ್ಲಾಸ್ ಇಲ್ವಾ ಇವತ್ತು?"

"ಇಲ್ಲ," ಎಂದಳು ಗಂಡನ ಕಡೆ ನೋಡದೆ. "ಊಟ ತರೋ ಐತಪ್ಪ ಎಲ್ಲಿದಾನೆ ಇನ್‌ಸ್ಪೆಕ್ಟ್ರೇ?"

"ಲಾಕಪ್ಪಿನಲ್ಲಿ. ನಾಳೆ ಬೆಳಿಗ್ಗೆ ಕೋರ್ಟಿಗೆ."

"ಶಿಕ್ಷೆ ಆದ್ರೆ?"

"ಜೈಲು. ಬೆತ್ತದೇಟು."

ಅವಳು ಸೆರಗಿಗೆ ಕೈ ಒರೆಸಿಕೊಂಡಳು. "ಪೂಜೆಗೆ ಅದನ್ನೂ ಇಟ್ಟಿದ್ರು. ಬೇಡ ಅಂದೆ. 'ಆಯುಧಪೂಜೆ ಅಂದ್ಮೇಲೆ ಮನೇಲಿ ಒಂದಾದ್ರೂ ನಿಜವಾದ ಆಯುಧ ಇರ್ಲಿ' ಅಂದ್ರು. ಬೊಟ್ಟು ನಾನೇ ಇಟ್ಟೆ. ಅದನ್ನ ಇಡ್ತಿದ್ದದ್ದು ಬೀರುವಿನಲ್ಲಿ, ಸೂಟುಗಳ ಹಿಂದೆ ನೋಡಿ."

ಬೀರುವಿನಲ್ಲಿ ಸೂಟುಗಳ ಹಿಂದೆ ಮೃದುವಾದ ಬಟ್ಟೆಯ ಚೀಲ. ಅದರೊಳಗೆ ಕಪ್ಪು ಗಟ್ಟಿ ಪ್ಲಾಸ್ಟಿಕ್ಕಿನ ಒರೆ. ಪಿಸ್ತೂಲನ್ನು ಇನ್ನೊಬ್ಬನ ಪೆಟ್ಟಿಗೆಗೆ ಎಸೆಯಲು ಹಿಂಜರಿಯದವನಿಗೆ, ಅಳತೆ ಕೊಟ್ಟು ಮಾಡಿಸಿದ ಒರೆಯನ್ನು ಎಸೆಯಲು ಮನಸ್ಸು ಬಂದಿರಲಿಲ್ಲ. ಜೊತೆಗೆ ತಂದಿದ್ದ ಪಿಸ್ತೂಲನ್ನು ಅದರಲ್ಲಿ ಇಳಿಸಿದರೆ, ಲೈಟಿನ ಸಮೇತ, ಟಕ್ಕೆಂದು ಕೂತಿತು. ಒಳಮೈಗೆ ಕುಂಕುಮ ಮೆತ್ತಿತ್ತು. ಪಂಚನಾಮೆಗೆ ಭವ್ಯಶ್ರೀ ಸಹಿ ಹಾಕಿದಳು. ಹನ್ನೊಂದೂ ಕಾಲಿಗೆ ಗುರುದತ್‌ನ ಬಂಧನವಾಯಿತು: ನಕಲಿ ಬಂದೂಕು ಹೊಂದಿದ್ದಕ್ಕೆ, ಅದನ್ನು ತೋರಿಸಿ ಬೆದರಿಸಿದ್ದಕ್ಕೆ, ಸುಳ್ಳು ದೂರು ಮತ್ತು ಸುಳ್ಳು ಸಾಕ್ಷ್ಯಕ್ಕೆ.

ಬುಧವಾರ ಬೆಳಿಗ್ಗೆ ವಿಚಾರಣಾ ಕೋಣೆಯಲ್ಲಿ ಗುರುದತ್ ಪ್ಲಾಸ್ಟಿಕ್ ಕುರ್ಚಿಯನ್ನು ಒರೆಸದೆಯೇ ಕೂತಿದ್ದ. ಏಳು ತಿಂಗಳಿಂದ ದಿನಾ ಸಂಜೆ, ಬಾಗಿಲು ಹಾಕಿಕೊಂಡು, ಕನ್ನಡಿಯ ಮುಂದೆ ಅಭ್ಯಾಸ ಮಾಡುತ್ತಿದ್ದನಂತೆ. ಒರೆಯಿಂದ ಎಳೆಯುವುದು, ಲೈಟು ಹಾಕುವುದು, ಗುರಿ ಇಡುವುದು. ಶುಕ್ರವಾರ ಸಂಜೆ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿದಾಗ ಪಾರ್ಕಿಂಗ್‌ನಲ್ಲಿ ಯಾರೂ ಇರಲಿಲ್ಲ. ಒಬ್ಬ ಊಟದವನು ಮಾತ್ರ ಬರುತ್ತಿದ್ದ.

"ಒಂದ್ಸಲ ನಿಜವಾಗಿ ನೋಡೋಣ ಅನ್ನಿಸ್ತು," ಎಂದ. "ಸ್ಟಾನ್ಸ್ ಕರೆಕ್ಟಾಗಿತ್ತು. ಡಾಟ್ ಅವನ ಎದೆ ಮೇಲೇ ಇತ್ತು. ಅವನು ಒಂಚೂರೂ ಹೆದರ್ಲಿಲ್ಲ. ನಕ್ಕ. ಮಾರನೇ ದಿನ ಲಿಫ್ಟಲ್ಲಿ ಎಲ್ಲರ ಮುಂದೆ ನಗಿಸಿದ. ಇವತ್ತು ಲಿಫ್ಟು, ನಾಳೆ ಆಫೀಸು. ಒಬ್ಬ ಊಟದ ಡಬ್ಬಿ ತರೋನು, ಇನ್‌ಸ್ಪೆಕ್ಟ್ರೇ!"

"ಡಾಟ್ ಅವನಿಗೆ ಕಾಣಿಸಲೇ ಇಲ್ಲ," ಎಂದ ಜಯರಾಮ. "ಅವನಿಗೆ ಕಂಡದ್ದು ನಿಮ್ಮ ಹೆಂಡತಿ ಇಟ್ಟ ಬೊಟ್ಟು."

ಹೊರಗೆ ಮೊಗಸಾಲೆಯಲ್ಲಿ ಪಾತ್ರೆಗಳ ಸದ್ದಾಯಿತು. ಗುರುದತ್ ಬಾಗಿಲ ಕಡೆ ನೋಡಿದ.

"ಅವನನ್ನ ಬಿಟ್ರಾ?"

"ಬಿಟ್ಟೆವು."

ಗುರುದತ್ ಕುರ್ಚಿಯಿಂದ ಬಾಗಿಲ ಕಡೆ ಬಾಗಿದ. ದನಿ ತಗ್ಗಿಸಿ, "ನಗ್ತಿದಾನಾ?" ಎಂದ.

ಜಯರಾಮ ಎದ್ದು ಬಾಗಿಲು ಅರ್ಧ ತೆರೆದು ನೋಡಿದ. ಐತಪ್ಪ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು, ಪೊಲೀಸರು ಹಿಂತಿರುಗಿಸಿದ ಕ್ಯಾರಿಯರುಗಳನ್ನು ಒಂದೊಂದೇ ತೆರೆದು ಮೂಗು ಮುಚ್ಚಿಕೊಳ್ಳುತ್ತಿದ್ದ. ಶನಿವಾರದ ಸಾರು ಹುಳಿತು ನೊರೆಗಟ್ಟಿತ್ತು.

"ಇಲ್ಲ," ಎಂದ ಜಯರಾಮ. "ಒಂದು ಮುಚ್ಚಳ ಕಾಣ್ತಿಲ್ಲವಂತೆ. ಅದನ್ನ ಹುಡುಕ್ತಿದಾನೆ."