ನಲವತ್ತೊಂದನೇ ಹೆಣ

ಓಡೋ ಗೂಡ್ಸ್ ವ್ಯಾಗನ್ನಿನ ಏಣಿಗೆ ಒಂದು ಕೈಯಲ್ಲಿ ನೇತಾಡ್ತಿದ್ದೆ.

ಇನ್ನೊಂದು ಕೈಯಲ್ಲಿ ಕಿಲಿಯನ್‌ನ ಕಾಲರ್!

ಮುಂದೆ ಸುರಂಗದ ಬಾಯಿ. ಇನ್ನೂರು ಮೀಟರ್...

"ಬಿಡೇ! ಇಬ್ಬರೂ ಸಾಯ್ತೀವಿ!"

"ಕದ್ದ ಪುಸ್ತಕ ಕೊಡು. ಬಿಡ್ತೀನಿ."

"ಟ್ರೆಶ್ ನನ್ನ ಕೊಲ್ತಾನೆ!"

"ಅವನು ನಾಳೆ ಕೊಲ್ಲೋದು. ಸುರಂಗ ಈಗಲೇ!"

ಪುಸ್ತಕ ತೆಗೆದು ನನ್ನ ಕೋಟಿನೊಳಗೆ ತುರುಕಿದ. ಇಬ್ಬರೂ ಹಿಮದ ರಾಶಿಗೆ ಹಾರಿದ್ವಿ. ನನ್ನ ಪಕ್ಕೆಲುಬು ಲಟಕ್ ಅಂತು. ಅವನು ಎದ್ದು ಕುಂಟುತ್ತಾ ಓಡಿದ. ಓಡಲಿ!

ನಾನು ರೆಗುಲಾ ಫುರ್ಗರ್. ಇಪ್ಪತ್ತು ವರ್ಷ ರೈಲ್ವೆ ಪೊಲೀಸ್, ಈಗ ಖಾಸಗಿ ಪತ್ತೇದಾರಿಣಿ.

ನಮ್ಮ ಗ್ರುಂಡ್‌ಸ್ಟೆಗ್ ಊರನ್ನ ಹೆತ್ತಿದ್ದೇ ಈ ಸುರಂಗ. ನೂರ ನಲವತ್ತು ವರ್ಷದ ಹಿಂದೆ ಇಟಲಿಯವರು ಬಂದು ಬಂಡೆ ಕೊರೆದರು. ಊರಿನವರು ಒಂದೇ ಹಾಸಿಗೆಯನ್ನ ಮೂರು ಪಾಳಿಗೆ ಬಾಡಿಗೆಗೆ ಬಿಟ್ಟರು. ಇವತ್ತಿಗೂ ಇಲ್ಲಿ ಎರಡೇ ಜಾತಿ... ಕೊರೆದವರು, ಹಾಸಿಗೆ ಕೊಟ್ಟವರು. ಈಗ ಬೆಟ್ಟದ ಬುಡದಲ್ಲೇ ಹೊಸ ಸುರಂಗ ಬಂದಿದೆ. ಎಕ್ಸ್‌ಪ್ರೆಸ್ ಅದರಲ್ಲೇ ಹೋಗುತ್ತೆ, ಇಲ್ಲಿ ನಿಲ್ಲಲ್ಲ. ಜಗಳವೂ ನಿಲ್ಲಲ್ಲ!

ಟ್ರೆಶ್ ಹಾಸಿಗೆ ಜಾತಿ. ಎಪ್ಪತ್ತರ ಮುದುಕ, ಎದೆಯುಬ್ಬಿಸಿ ನಡೀತಾನೆ. ಸ್ಟೇಷನ್ ಹಿಂದಿನ ಹುಲ್ಲುಗಾವಲಲ್ಲಿ ಹೋಟೆಲ್ ಕಟ್ಟಬೇಕಂತೆ. ಸುರಂಗ ಕೊರೆಯುವಾಗ ಸತ್ತವರನ್ನ ಅಲ್ಲೇ ಹೂತಿದ್ದಾರೆ ಅಂತ ಸ್ಟೇಷನ್ ಕ್ಯಾಂಟೀನಿನ ನಿವೆಸ್ ಅಜ್ಜಿ ತಕರಾರು. ಸಾಕ್ಷಿ? ಅವಳ ಬೀರುವಿನಲ್ಲಿದ್ದ, ಹೂತವರ ಹೆಸರೆಲ್ಲ ಬರೆದ ಸಮಾಧಿ ಪುಸ್ತಕ. ಅದನ್ನೇ ಬೆಳಿಗ್ಗೆ ಟ್ರೆಶ್‌ನ ಬಂಟ ಕಿಲಿಯನ್ ಹಾರಿಸಿದ್ದು.

ಹಿಮದಲ್ಲೇ ಕೂತು ಹಾಳೆ ತಿರುಗಿಸಿದೆ.

ನಗು ಬಂತು. ಪಕ್ಕೆ ನೋಯ್ತು. ಆದರೂ ನಕ್ಕೆ!

ಕ್ಯಾಂಟೀನಿಗೆ ಹೋದರೆ ಟ್ರೆಶ್ ಅಲ್ಲೇ. ಮುಂದೆ ಬಿಸಿ ಕಾಫಿ. ಪುಸ್ತಕ ಎಸೆದೆ.

"ನಲವತ್ತೊಂದನೇ ಹೆಸರು ಓದಿ."

"ನನಗೇನು ಇಟಲಿ ಕೂಲಿಗಳ ಹೆಸರು..."

"ಓದ್ರೀ!"

ಓದಿದ. "ಬತಿಸ್ತಾ ಟ್ರೆಸ್ಕಿ. ಊರು ಇಟಲಿಯ ಬೆರ್ಗಾಮೊ. ಬಂಡೆ ಕುಸಿದು ಸಾವು. ಒಬ್ಬ ಮಗ, ಅಲೋಯಿಸ್, ಬೇಕರಿಯವರು ಸಾಕಿಕೊಂಡರು..."



"ಬೇಕರಿಯ ಅಲೋಯಿಸ್... ನಮ್ಮಜ್ಜ! ಟ್ರೆಸ್ಕಿ... ಟ್ರೆಶ್!"

 ಅವನು ಆ ಸಾಲಿನ ಮೇಲೆ ಬೆರಳಿಟ್ಟು ಮತ್ತೊಮ್ಮೆ ಓದಿದ.

"ಹೋಟೆಲ್ ಬೇಡ," ಅಂದ ಕೊನೆಗೆ. "ಅಲ್ಲೊಂದು ಕಲ್ಲು ನಿಲ್ಲಿಸ್ತೀನಿ. ಆದರೆ... ಈ ವಿಷಯ ಊರಿಗೆ ಗೊತ್ತಾಗಬಾರದು!"

ನಿವೆಸ್ ಅಜ್ಜಿ ಲೋಟ ಒರೆಸೋದು ನಿಲ್ಲಿಸಲಿಲ್ಲ.

"ಊರಿಗೆ ಯಾವತ್ತಿಂದಲೋ ಗೊತ್ತು ಕಣೋ. ನಿನಗೊಬ್ಬನಿಗೆ ಹೇಳಿರಲಿಲ್ಲ ಅಷ್ಟೇ."



ಟ್ರೆಶ್‌ನ ಕಾಫಿ ಆರ್ತಿತ್ತು... ನಾನೇ ಕುಡಿದೆ.