ಶೇಖರಮ್ಮನ ರೊಟ್ಟಿ ಹಲಗೆ

ಬೆಳಗಾದರೆ ಪಟಪಟ ಅನ್ನುತ್ತಿದ್ದ ಅಡುಗೆಮನೆ ಅವತ್ತು ಸುಮ್ಮನಿತ್ತು. ಎಲ್ಲರಿಗೂ ರೊಟ್ಟಿ ಮಾಡಿಕೊಟ್ಟು ಅಲ್ಲೇ ಇರುತ್ತಿದ್ದ ಶೇಖರಮ್ಮನ ರೊಟ್ಟಿ ಬಡಿಯುವ ಹಲಗೆ ಮಾಯವಾಗಿತ್ತು. ಸಿಂಧನೂರಿನ ಆ ಮನೆಯಲ್ಲಿ ನಾಲ್ಕು ಸಂಸಾರಕ್ಕೆ ಒಂದೇ ಒಲೆ, ಚಾಳಿ ಮಾತ್ರ ನಾಲ್ಕು ನಮೂನೆ. ಅಲ್ಲೇ ಬಾಡಿಗೆಗಿದ್ದ ಭಾರತಿ ಕೋಣೆಯಿಂದ ಹೊರಗೆ ಬಂದಳು. ಎಲ್ಲರ ಕಣ್ಣೂ ಆಗಲೇ ವೀರೇಶನ ಬಾಗಿಲ ಮೇಲಿತ್ತು.

ಹಟ್ಟಿ ಚಿನ್ನದ ಗಣಿಯ ರಾತ್ರಿ ಪಾಳಿ ಮುಗಿಸಿ ಬಂದು ಅವನು ಮಲಗುವ ಹೊತ್ತಿಗೇ ಗೋಡೆಯಾಚೆ ರೊಟ್ಟಿ ಸದ್ದು ಶುರುವಾಗುತ್ತಿತ್ತು. ಹಿಂದಿನ ದಿನವಷ್ಟೇ ಹಲಗೆಯನ್ನು ಒಲೆಗೆ ಹಾಕುತ್ತೇನೆಂದು ರೇಗಿದ್ದ. ಬುದ್ಧನ ಫೋಟೊ ಇಟ್ಟುಕೊಂಡ ಅವನಿಗೆ, ಎಲ್ಲರೂ ಜಾತಿ ಕೇಳಿ ಕಳಿಸುತ್ತಿದ್ದರಿಂದ, ಊರೆಲ್ಲ ಅಲೆದರೂ ಬಾಡಿಗೆಗೆ ಮನೆ ಸಿಕ್ಕಿರಲಿಲ್ಲ, ಇಲ್ಲಷ್ಟೇ ನೆಲೆ ಕಂಡಿದ್ದ. ಕಿರಾಣಿ ಅಂಗಡಿಯ ಕರಿಬಸಯ್ಯ, ಬಿಸಿಲೇರುವ ತನಕ ಗೊರಕೆ ಹೊಡೆಯುವ ಮನುಷ್ಯ, ಸಂಜೆಯೊಳಗೆ ಇವನು ಖಾಲಿ ಮಾಡಲಿ ಎಂದು ತೀರ್ಪು ಕೊಟ್ಟೇಬಿಟ್ಟ. ಕೂಸು ಹುಟ್ಟುವ ಮೊದಲೇ ಕುಲಾವಿ!

ಭಾರತಿಯ ಕೋಣೆಯಲ್ಲೇ ಇದ್ದ ಶಂಶಾದ್‌ಬೀ ಪೊಲೀಸ್ ಕೆಲಸದಿಂದ ನಿವೃತ್ತಳಾದವಳು. ಮನೆಯಲ್ಲಿ ಏನು ಕಳೆದರೂ ಹುಡುಕುವುದು ಅವಳ ಪಾಲು. ಅವಳೂ ಭಾರತಿಯೂ ವೀರೇಶನದೂ ಸೇರಿ ಎಲ್ಲ ಕೋಣೆ ತಡಕಾಡಿದರು. ದೇವರ ಕೋಣೆಗೆ ಬೀಗ, ಅದರ ಕೀಲಿ ಶೇಖರಮ್ಮನ ಸೆರಗಿನಲ್ಲಿ. ಆಮೇಲೆ ಶಂಶಾದ್‌ಬೀ ಅಡುಗೆಮನೆಯ ಕಲ್ಲುಕಟ್ಟೆ ಸವರಿದಳು. ಶೇಖರಮ್ಮ ಅನ್ನಕ್ಕಿಟ್ಟು, ಚಹಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ವಾರದಿಂದ ಅಂಚು ಹರಿದ ರೊಟ್ಟಿ ತಿಂದ ಭಾರತಿಗೆ ಅನ್ನವೇ ವಾಸಿ ಅನ್ನಿಸಿತು. ಆದರೆ ಹೊತ್ತು ಜಾರುತ್ತಿತ್ತು, ಈ ಶಂಶಾದ್‌ಬೀ ನೋಡಿದರೆ ಸುಮ್ಮನೆ ನಿಂತಿದ್ದಳು. ಏನಾದರೂ ಮಾಡೆಂದು ಭಾರತಿ ರೇಗಿದಳು.

ಸಂಜೆ ಎಲ್ಲರೂ ಪಡಸಾಲೆಯಲ್ಲಿ ಸೇರಿದರು. ವೀರೇಶ ಟ್ರಂಕು ಹಿಡಿದೇ ಬಂದಿದ್ದ.

"ಹಲಗಿ ಹೋದ್ರ ಕಲ್ಲಿನ ಮ್ಯಾಲ ಬಡೀಬಹುದಿತ್ತು," ಎಂದಳು ಶಂಶಾದ್‌ಬೀ. "ದಿನಾ ರೊಟ್ಟಿ ಮಾಡೋ ಕೈ ಸುಮ್ನ ಕುಂದ್ರೂದಿಲ್ಲ. ಕಟ್ಟಿಮ್ಯಾಲ ಚೂರೂ ಹಿಟ್ಟಿರಲಿಲ್ಲ." ಹರಿದ ರೊಟ್ಟಿ, ಎರಡು ಕೈಯ ಲೋಟ, ಹುಡುಕದೆ ಉಳಿದ ಒಂದೇ ಒಂದು ಕೋಣೆ, ಒಂದೊಂದಾಗಿ ಬಿಡಿಸಿಟ್ಟಳು. ಆಮೇಲೆ ಮೆಲ್ಲಗೆ ಕೀಲಿ ಕೇಳಿದಳು.

ಶೇಖರಮ್ಮನಿಗೆ ಸೆರಗಿನ ಗಂಟು ಬಿಚ್ಚಲಾಗಲಿಲ್ಲ. ಭಾರತಿಯೇ ಬಿಚ್ಚಿದಳು. ಹಲಗೆ ದೇವರ ಪೀಠದ ಹಿಂದಿತ್ತು.

"ಕೈ ನಡಗಾಕತ್ತಾವ," ಎಂದಳು ಶೇಖರಮ್ಮ. "ರೊಟ್ಟಿ ಮಾಡ್ತೀನಂತ ನನ್ನ ಇಟ್ಕೊಂಡೀರಿ. ಅದೂ ಆಗಲಿಲ್ಲಂದ್ರ ಯಾರು ಇಟ್ಕೋತಾರ?"

ವೀರೇಶ ಟ್ರಂಕು ಕೆಳಗಿಟ್ಟ. "ನಿಮ್ಮ ಮನಿ ಹೋಗತೈತಂತ ನನ್ನ ಮನಿ ಕಳೀತಿದ್ರಲ್ಲ, ಯವ್ವಾ."

ಶೇಖರಮ್ಮ ಅಳುತ್ತಾ ಕೈಮುಗಿದು ತಪ್ಪಾಯಿತೆಂದಳು. ಕರಿಬಸಯ್ಯ ಅಂಗಡಿಯ ನೆಪ ಹೇಳಿ ಎದ್ದುಹೋದ. ಟ್ರಂಕು ಒಳಗೆ ಹೋಯಿತು.

ಮರುದಿನ ಪಾಳಿಯಿಂದ ಬಂದ ವೀರೇಶ ಮಲಗಲಿಲ್ಲ. ಕೈಕಾಲು ತೊಳೆದು, ಅಡುಗೆಮನೆಯಲ್ಲಿ ತನ್ನ ಗೋಡೆಯ ಬದಿಗಿದ್ದ ಹಲಗೆಯನ್ನು ಎಳೆದು, ಆಚೆ ಕರಿಬಸಯ್ಯ ಮಲಗುವ ಗೋಡೆಗೆ ತಾಗಿಸಿ ಇಟ್ಟ. ಶೇಖರಮ್ಮ ಪಕ್ಕದಲ್ಲಿ ಕೂತು, ನೀರು ಹಚ್ಚು, ತಿರುಗಿಸು ಎಂದು ಹೇಳಿಕೊಟ್ಟಳು.

"ಈಗ ಯಾರ ನಿದ್ದಿ ಕೆಡತೈತಿ ನೋಡೂಣು," ಎಂದು ಅವನು ಬಡಿಯತೊಡಗಿದ.